ಅಂಗಳಕ್ಕೆ ಬಂದ ಸಾಲಿಗ್ರಾಮ: ‘ಭಾರತೀಪುರ’ದಲ್ಲಿ ದೊಡ್ಡಮನೆಯ ಅವನತಿ

ದೊಡ್ಡಮನೆಗಳ ಅವನತಿ ಕನ್ನಡ ಕಾದಂಬರಿಗೆ ಹೊಸ ವಸ್ತುವಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಚಂದ್ರಯ್ಯಗೌಡರ ಮನೆ ಪಾಲಾಗುತ್ತದೆ. ಹೂವಯ್ಯ ಕೆಳಕಾನೂರಿಗೆ ಇಳಿದು ಹೋಗುತ್ತಾನೆ. ಹಿಂದುಳಿದ ಮನೆ ಕುಡಿತ, ಸಂಶಯ, ಹಟಗಳ ಭಾರದಲ್ಲಿ ಕುಸಿಯುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ (1956) ಅಳಿಯುವುದು ಅರಸುಮನೆ. ಅರಸನ ದುರ್ನಡತೆ, ಮಂತ್ರಿಗಳ ಬೇಸರ, ಹೊಂಚು ಹಾಕಿ ಕುಳಿತ ಕಂಪೆನಿ ಎಲ್ಲವೂ ಸೇರಿ 1834ರಲ್ಲಿ ಕೊಡಗು ಪರರ ಕೈ ಸೇರುವುದನ್ನು ಆ ಕೃತಿ ಹೇಳುತ್ತದೆ. ಈ ಎರಡು ಕೃತಿಗಳಲ್ಲಿಯೂ ಮನೆಯನ್ನು ಬೀಳಿಸುವ ಶಕ್ತಿಗಳು ಮನೆಯೊಳಗೇ ಇವೆ. ಆದರೆ ಮನೆ ಬೀಳಲಿ ಎಂದು ಸಂಕಲ್ಪ ಮಾಡಿದವರು ಆ ಮನೆಗಳಲ್ಲಿ ಯಾರೂ ಇಲ್ಲ.

ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973) ಇಲ್ಲಿಯೇ ಬೇರೆಯಾಗುತ್ತದೆ. ಇದರ ನಾಯಕ ಜಗನ್ನಾಥನ ಮನೆಗೆ ಸಾಲವಿಲ್ಲ, ದಾಯಾದಿಗಳ ವ್ಯಾಜ್ಯವಿಲ್ಲ, ಪಾಲು ಕೇಳುವ ತಮ್ಮಂದಿರಿಲ್ಲ. ತೋಟ, ಗದ್ದೆ, ಒಕ್ಕಲು, ಊರಿನ ಗೌರವ ಎಲ್ಲವೂ ಇದ್ದಂತೆಯೇ ಇವೆ. ಆದರೂ ಅವನು ಆ ಮನೆಯ ಹಿರಿಮೆಯನ್ನು ತನ್ನ ಕೈಯಾರೆ ಕೆಡವಬೇಕೆಂದು ಹೊರಡುತ್ತಾನೆ. ವಾರಸುದಾರನೇ ಕೊಡಲಿ ಹಿಡಿದ ಕಥೆ ಇದು. ಹೀಗೆ ಹಿಡಿದ ಕೊಡಲಿಯ ಕಾವು ಯಾವ ಮರದಿಂದ ಬಂತು ಎಂಬ ಪ್ರಶ್ನೆಯನ್ನು ಕಾದಂಬರಿ ಕೊನೆಯವರೆಗೂ ಬಿಡುವುದಿಲ್ಲ. ಮನೆಯನ್ನು ಮುರಿಯುವ ಅಧಿಕಾರವೂ ಆ ಮನೆಯಿಂದಲೇ ಬಂದುದು ಎಂಬುದು ಈ ಕೃತಿಯ ತಿರುಳು ಎಂದು ನಾವು ತಿಳಿದಿದ್ದೇವೆ. ಅದರ ಸಂಕೇತಗಳೆಲ್ಲ ಆ ತಿರುಳಿನ ಸುತ್ತಲೇ ಸುತ್ತುತ್ತವೆ.

ಕೃತಿಯನ್ನು ಓದದ ಸದಸ್ಯರಿಗಾಗಿ ಕಥೆಯ ಎಳೆಯನ್ನು ಸಂಕ್ಷೇಪವಾಗಿ ಹೇಳಬೇಕು. ಭಾರತೀಪುರ ಮಲೆನಾಡಿನ ಒಂದು ಕಲ್ಪಿತ ಯಾತ್ರಾಸ್ಥಳ. ಊರಿನ ಬದುಕೆಲ್ಲ ಮಂಜುನಾಥನ ಗುಡಿಯನ್ನು ಆಶ್ರಯಿಸಿದೆ: ಅರ್ಚಕರು, ಅಂಗಡಿಯವರು, ಬಂದು ಹೋಗುವ ಯಾತ್ರಿಕರು, ಎಲ್ಲರ ಅನ್ನವೂ ಆ ದೇವರ ಮಹಿಮೆಯಿಂದ. ಜಗನ್ನಾಥ ಅಲ್ಲಿನ ಶ್ರೀಮಂತ ಬ್ರಾಹ್ಮಣ ಭೂಮಾಲಿಕರ ಮನೆಯ ಒಬ್ಬನೇ ಮಗ. ತಾಯಿ ತೀರಿಹೋಗಿದ್ದಾಳೆ; ಸಾಕಿ ಬೆಳೆಸಿದವಳು ಚಿಕ್ಕಿ. ಇಂಗ್ಲೆಂಡಿನಲ್ಲಿ ಓದಿ, ಅಲ್ಲಿ ಮಾರ್ಗರೆಟ್ ಎಂಬವಳೊಡನೆ ಬಾಳಿ, ಆ ಸಂಬಂಧ ನಿಲ್ಲದೆ ಊರಿಗೆ ಮರಳಿದ್ದಾನೆ. ಮಂಜುನಾಥನ ಮಹಿಮೆ ಇರುವವರೆಗೆ ಈ ಊರಿನಲ್ಲಿ ಏನೂ ಬದಲಾಗದು ಎಂದು ಅವನಿಗೆ ಅನ್ನಿಸುತ್ತದೆ. ಅದಕ್ಕಾಗಿ ಜಾತ್ರೆಯ ದಿನ ದಲಿತರನ್ನು ಗುಡಿಯೊಳಕ್ಕೆ ಕರೆದೊಯ್ಯುವ ನಿರ್ಧಾರ ಮಾಡುತ್ತಾನೆ. ಗುಡಿಗೆ ಮುನ್ನ ಮನೆ. ಆದ್ದರಿಂದ ಮೊದಲು ತನ್ನ ಮನೆಯ ಸಾಲಿಗ್ರಾಮವನ್ನು ಅವರು ಮುಟ್ಟಬೇಕು ಎನ್ನುತ್ತಾನೆ. ಉಳಿದದ್ದೆಲ್ಲ ಈ ಎರಡು ಘಟನೆಗಳ ಸುತ್ತ ನಡೆಯುತ್ತದೆ.

ಕರ್ನಾಟಕದ ಚರಿತ್ರೆಯಲ್ಲಿ ಈ ಕೃತಿ ಬಂದ ಗಳಿಗೆಯನ್ನು ಗಮನಿಸಬೇಕು. 1973ರಲ್ಲಿ ಕಾದಂಬರಿ ಅಚ್ಚಾಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೇಣಿದಾರರು ಒಡೆಯರಾದರು, ಮಲೆನಾಡು ಕರಾವಳಿಗಳ ಎಷ್ಟೋ ದೊಡ್ಡಮನೆಗಳ ಕಣಜ ಬರಿದಾಯಿತು. ಜಗನ್ನಾಥ ಸಂಕೇತಗಳ ಮೂಲಕ ಸಾಧಿಸಹೊರಟದ್ದರಲ್ಲಿ ಒಂದು ಪಾಲನ್ನು ಮರುವರ್ಷವೇ ಕಾನೂನು ಕಾಗದದ ಮೇಲೆ ಸಾಧಿಸಿತು. ತಮಿಳುನಾಡಿನಲ್ಲಿರುವ ನಮಗೆ ಇದು ಇನ್ನೂ ಹಳೆಯ ನೆನಪು. ಬೋಡಿನಾಯಕನೂರು, ಗಂಡಮನಾಯಕನೂರುಗಳಂಥ ಜಮೀನ್ದಾರಿಗಳ ಆಡಳಿತ 1948ರ ಮದ್ರಾಸ್ ಕಾಯಿದೆಯೊಡನೆ ಮುಗಿಯಿತು. ಜಮೀನು ಹೋದ ಮೇಲೆಯೂ ‘ಜಮೀನ್ದಾರರ ಮನೆ’ ಎಂಬ ಮಾತು ಬಾಯಿಂದ ಹೋಗಲಿಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಕಾಯಿದೆಗೆ ಸಿಗದೆ ಉಳಿಯುವ ಈ ಪಾಲೇ ‘ಭಾರತೀಪುರ’ದ ವಸ್ತು.

ಆ ಪಾಲಿಗೆ ಕಾದಂಬರಿಕಾರರು ಕೊಟ್ಟ ರೂಪ ಮನೆ. ದೇವರಕೋಣೆ ಒಳಗಿನ ತುದಿ, ಅಂಗಳ ಹೊರಗಿನ ತುದಿ. ನಡುವೆ ಜಗಲಿ, ಹೊಸ್ತಿಲುಗಳು. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಮನೆಯ ಕಟ್ಟಡವೇ ಹೇಳುತ್ತದೆ. ದಲಿತರು ಅಂಗಳದವರೆಗೆ. ಚಿಕ್ಕಿ ಜಗಲಿಯವರೆಗೆ ಬಂದು ಅವರೊಡನೆ ಮಾತನಾಡಬಹುದು. ಜಗನ್ನಾಥನೊಬ್ಬ ಎಲ್ಲಿಗೆ ಬೇಕಾದರೂ ಹೋಗಬಲ್ಲ. ಈ ಸ್ವಾತಂತ್ರ್ಯವನ್ನು ಅವನು ವೈಚಾರಿಕತೆಯ ಫಲವೆಂದು ಭಾವಿಸಿದ್ದಾನೆ. ಓದುಗರಾದ ನಮಗೆ ಅದು ಒಡೆತನದ ಫಲವೆಂದು ಕಾಣುತ್ತದೆ.

ಅವನ ಬಂಡಾಯಕ್ಕೆ ಇನ್ನೊಂದು ದುರ್ಬಲತೆಯೂ ಇದೆ. ತಾನು ಮಾಡುವುದನ್ನೆಲ್ಲ ಅವನು ಮಾರ್ಗರೆಟ್‌ಳಿಗೆ ಪತ್ರ ಬರೆದು ವಿವರಿಸಬೇಕು. ದೂರದೇಶದಲ್ಲಿ ಕುಳಿತ ಒಬ್ಬಳ ಕಣ್ಣಿಗೆ ತಾನು ಗಟ್ಟಿಗನಾಗಿ ಕಾಣಬೇಕೆಂಬ ಆಸೆ ಅವನ ನ್ಯಾಯದ ಆಸೆಯೊಡನೆ ಹೆಣೆದುಕೊಂಡಿದೆ. ನವ್ಯ ಕಾದಂಬರಿಯ ನಾಯಕರಿಗೆಲ್ಲ ತಮ್ಮನ್ನು ತಾವು ಅಗೆದು ನೋಡಿಕೊಳ್ಳುವ ಚಟ. ಅನೇಕ ಕೃತಿಗಳಲ್ಲಿ ಅದು ಓದುಗನಿಗೆ ಬೇಸರ ತರಿಸುತ್ತದೆ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ. ಇಲ್ಲಿ ಮಾತ್ರ ಅದು ಸಾರ್ಥಕವಾಗಿದೆ. ಏಕೆಂದರೆ ತನ್ನನ್ನು ತಾನು ಇಷ್ಟು ನೋಡಿಕೊಳ್ಳುವವನಿಗೆ ಎದುರಿಗೆ ನಿಂತವರು ಕಾಣುತ್ತಾರೆಯೇ ಎಂಬುದೇ ಕಥೆಯ ಪರೀಕ್ಷೆ.

ಜಗನ್ನಾಥನ ಮುಂದಣ ಗತಿಯನ್ನು ತೋರಿಸಲೆಂಬಂತೆ ಅನಂತಮೂರ್ತಿ ರಾಘವ ಪುರಾಣಿಕನೆಂಬ ಪಾತ್ರವನ್ನು ತಂದಿದ್ದಾರೆ. ಒಂದು ಕಾಲದಲ್ಲಿ ವಿಧವೆಯನ್ನು ಮದುವೆಯಾಗಿ ಊರನ್ನು ಎದುರಿಸಿದ ಧೀರ. ಈಗ ತನ್ನ ಮನೆಯೊಳಗೆ ಇಂಗ್ಲಿಷರ ರೀತಿನೀತಿಗಳ ಒಂದು ಪುಟ್ಟ ದ್ವೀಪ ಕಟ್ಟಿಕೊಂಡು ಬಾಗಿಲು ಹಾಕಿಕೊಂಡಿದ್ದಾನೆ. ಊರಿಗೆ ಅವನಿಂದ ತೊಂದರೆಯಿಲ್ಲ, ಅವನಿಗೆ ಊರಿನಿಂದ ತೊಂದರೆಯಿಲ್ಲ. ಬಂಡಾಯ ಹೀಗೆಯೂ ಒಂದು ದೊಡ್ಡಮನೆಯಾಗಬಹುದು. ಗಾಂಧೀಯುಗದಿಂದ ಬಂದ ಶ್ರೀಪತಿರಾಯರಲ್ಲಿ ಊರಿನ ನಂಟು ಉಳಿದಿದೆ, ಕಸುವು ಉಡುಗಿದೆ. ಇವರಿಬ್ಬರ ನಡುವೆ ಜಗನ್ನಾಥನಿಗೆ ದಾರಿ ಕಾಣಬೇಕು.

ಇನ್ನು ಸಾಲಿಗ್ರಾಮದ ಪ್ರಕರಣ. ಈ ಕಾದಂಬರಿಯನ್ನು ಓದಿ ಮರೆತವರಿಗೂ ಇದೊಂದು ಭಾಗ ಮರೆಯುವುದಿಲ್ಲ.

ಸಾಲಿಗ್ರಾಮವೆಂದರೆ ನೇಪಾಳದ ಗಂಡಕೀ ನದಿಯಲ್ಲಿ ದೊರೆಯುವ ಕಪ್ಪು ಕಲ್ಲು. ಎಷ್ಟೋ ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಸುರುಳಿಚಿಪ್ಪಿನ ಜೀವಿಯ ಪಳೆಯುಳಿಕೆ ಅದರೊಳಗೆ ಇರುತ್ತದೆ ಎನ್ನುತ್ತದೆ ವಿಜ್ಞಾನ. ವೈದಿಕ ಮನೆಗಳಲ್ಲಿ ಅದು ಸಾಕ್ಷಾತ್ ವಿಷ್ಣು. ಜಗನ್ನಾಥನಿಗೆ ಮೊದಲನೆಯ ಅರ್ಥ ಗೊತ್ತು, ಎರಡನೆಯದರಲ್ಲಿ ನಂಬಿಕೆಯಿಲ್ಲ. ಹಾಗಿದ್ದಮೇಲೆ ಕೆಲಸ ಸುಲಭವಾಗಬೇಕಿತ್ತು. ದೇವರಕೋಣೆಗೆ ಹೋಗಿ ಕಲ್ಲನ್ನು ಎತ್ತಿಕೊಳ್ಳುತ್ತಾನೆ. ಪುರೋಹಿತರು ಕಂಗಾಲಾಗುತ್ತಾರೆ, ಚಿಕ್ಕಿ ಗೋಗರೆಯುತ್ತಾಳೆ. ಅವನು ಹೊಸ್ತಿಲುಗಳನ್ನು ಒಂದೊಂದಾಗಿ ದಾಟಿ ಅಂಗಳಕ್ಕೆ ಬರುತ್ತಾನೆ. ಅಂಗಳದಲ್ಲಿ ಪಿಳ್ಳ ಮೊದಲಾದ ದಲಿತ ತರುಣರು ನಿಂತಿದ್ದಾರೆ. ಅವರಿಗೆ ಇದು ಬರಿಯ ಕಲ್ಲು ಎಂದು ತೋರಿಸಿಕೊಡಬೇಕು, ಅಷ್ಟೆ.

ಆದರೆ ದೇವರಕೋಣೆಯಿಂದ ಅಂಗಳದವರೆಗಿನ ಆ ಕೆಲವೇ ಹೆಜ್ಜೆಗಳಲ್ಲಿ ಕಲ್ಲು ಬದಲಾಗಿಬಿಡುತ್ತದೆ. ಒಳಗಿರುವವರ ದಿಗಿಲು, ಹೊರಗಿರುವವರ ನಡುಕ, ಅವನದೇ ಎದೆಬಡಿತ ಎಲ್ಲವೂ ಅದಕ್ಕೆ ತೂಕ ತಂದುಕೊಡುತ್ತವೆ. ದಿನನಿತ್ಯ ಮಂತ್ರ ಹೇಳಿ ನೀರೆರೆಯುವಾಗ ಅದಕ್ಕಿದ್ದುದಕ್ಕಿಂತ ಹೆಚ್ಚಿನ ದೈವತ್ವ ಅದನ್ನು ಕೆಡಿಸಹೊರಟ ಗಳಿಗೆಯಲ್ಲಿ ಬಂದುಬಿಟ್ಟಿದೆ. ತರುಣರು ಹಿಂಜರಿಯುತ್ತಾರೆ. ಅವರ ಹಿಂಜರಿಕೆಯನ್ನು ಕಂಡು ಅವನಿಗೆ ಮೊದಲು ಕನಿಕರ, ಆಮೇಲೆ ಅಸಹ್ಯ, ಆಮೇಲೆ ಕ್ರೋಧ. ಕೊನೆಗೆ ಅವನು ಆಜ್ಞೆ ಮಾಡುತ್ತಾನೆ. ಅವರು ಮುಟ್ಟುತ್ತಾರೆ, ಮುಟ್ಟಿ ಓಡಿಹೋಗುತ್ತಾರೆ. ಅವನು ಕಲ್ಲನ್ನು ಎಸೆದುಬಿಡುತ್ತಾನೆ.

ಈ ಪ್ರಕರಣದಲ್ಲಿ ನಾವು ಗುರುತಿಸಬೇಕಾದ ಒಂದು ಸೂಕ್ಷ್ಮವಿದೆ. ಅವರು ಮುಟ್ಟಿದ್ದು ದೇವರ ಭಯ ಹೋಗಿ ಅಲ್ಲ. ಒಡೆಯನ ಭಯ ದೇವರ ಭಯಕ್ಕಿಂತ ಒಂದು ತೂಕ ಹೆಚ್ಚಾಗಿದ್ದರಿಂದ. ಅವರ ಅಜ್ಜಂದಿರು ಅವನ ಅಜ್ಜಂದಿರ ಮಾತಿಗೆ ಹೇಗೆ ತಲೆಬಾಗಿದ್ದರೋ ಹಾಗೆಯೇ ಇವರೂ ಬಾಗಿದರು. ಮುಟ್ಟು ಎಂಬ ಆಜ್ಞೆ ಮುಟ್ಟಬೇಡ ಎಂಬ ಆಜ್ಞೆಯ ಸ್ಥಾನದಲ್ಲಿಯೇ ಬಂದು ಕುಳಿತಿತು. ದೊಡ್ಡಮನೆಯ ದರ್ಪ ಅದರ ಇತಿಹಾಸದಲ್ಲಿ ಇಷ್ಟು ಬೆತ್ತಲೆಯಾಗಿ ಹಿಂದೆಂದೂ ಪ್ರಕಟವಾಗಿರಲಾರದು. ಪ್ರಕಟಿಸಿದವನು ಅದನ್ನು ದ್ವೇಷಿಸುವ ಕೊನೆಯ ಕುಡಿ. ಜಗನ್ನಾಥನಿಗೂ ಇದು ತಿಳಿಯುತ್ತದೆ. ಎದುರಿಗಿದ್ದವರನ್ನು ಮನುಷ್ಯರನ್ನಾಗಿ ಮಾಡಹೊರಟ ತಾನು ಆ ಗಳಿಗೆಯಲ್ಲಿ ಅವರನ್ನೂ ತನ್ನನ್ನೂ ಮನುಷ್ಯತ್ವದಿಂದ ಕೆಳಗಿಳಿಸಿದೆ ಎಂಬ ಅರಿವು ಅವನನ್ನು ಸುಡುತ್ತದೆ. ಕೃತಿಯ ನೈತಿಕ ಬಲವೆಲ್ಲ ಈ ಅರಿವಿನಲ್ಲಿದೆ. ಇದನ್ನು ಮರೆಮಾಚಿ ನಾಯಕನನ್ನು ವೀರನಾಗಿ ಮೆರೆಸುವುದು ಅನಂತಮೂರ್ತಿಯವರಿಗೆ ಕಷ್ಟವಿರಲಿಲ್ಲ. ಹಾಗೆ ಮಾಡಿದ್ದರೆ ಇಂದು ನಾವು ಆ ಕಾದಂಬರಿಯ ಹೆಸರನ್ನೂ ಎತ್ತುತ್ತಿರಲಿಲ್ಲ.

ಹೊರಗಿನ ಒಂದು ಕೃತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇಟಲಿಯ ಲ್ಯಾಂಪೆಡೂಸಾ ಬರೆದ ‘ದಿ ಲೆಪರ್ಡ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಕಾದಂಬರಿ ಲೇಖಕ ತೀರಿಕೊಂಡ ಮರುವರ್ಷ, 1958ರಲ್ಲಿ ಪ್ರಕಟವಾಯಿತು. ಸಿಸಿಲಿಯ ಸಲೀನಾ ಎಂಬ ರಾಜವಂಶ ಇಳಿಮುಖವಾಗುವ ಕಥೆ ಅದು. ಕೊನೆಯ ಅಧ್ಯಾಯದಲ್ಲಿ ರಾಜಕುಮಾರನ ಹೆಣ್ಣುಮಕ್ಕಳು ಮುದುಕಿಯರಾಗಿದ್ದಾರೆ. ಮನೆಯ ಪ್ರಾರ್ಥನಾಮಂದಿರದ ತುಂಬ ಸಂತರ ಅವಶೇಷಗಳೆಂದು ಅವರು ಸಂಗ್ರಹಿಸಿಟ್ಟ ವಸ್ತುಗಳಿವೆ. ಚರ್ಚಿನಿಂದ ಬಂದ ಪಾದ್ರಿಯೊಬ್ಬ ಅವನ್ನೆಲ್ಲ ಪರೀಕ್ಷಿಸಿ, ಬಹುಪಾಲು ಬೆಲೆಯಿಲ್ಲದವು ಎಂದು ಕಸಕ್ಕೆ ಹಾಕಿಸುತ್ತಾನೆ. ರಾಜಕುಮಾರ ಪ್ರೀತಿಸಿದ್ದ ನಾಯಿಯ ತೊಗಲಿನೊಳಗೆ ಹುಲ್ಲು ತುಂಬಿ ಇಟ್ಟಿದ್ದ ಬೊಂಬೆಯೂ ಕಿಟಕಿಯಿಂದ ಹೊರಗೆ ಬೀಳುತ್ತದೆ. ಅಲ್ಲಿ ಮನೆಯ ಪೂಜ್ಯವಸ್ತುಗಳು ಸದ್ದಿಲ್ಲದೆ ಕಸವಾಗುತ್ತವೆ. ಏಕೆಂದರೆ ಅವುಗಳಿಗೆ ನಡುಗುವವರು ಹೊರಗೆ ಯಾರೂ ಉಳಿದಿಲ್ಲ. ಭಾರತೀಪುರದ ಅಂಗಳದಲ್ಲಿ ನಡುಗುವವರು ಇದ್ದಾರೆ. ಆದ್ದರಿಂದ ಅಲ್ಲಿ ಎಸೆದ ಕಲ್ಲು ಕಸವಾಗುವುದಿಲ್ಲ. ಎರಡು ಸಮಾಜಗಳ ಅಂತರ ಈ ಎರಡು ಎಸೆತಗಳಲ್ಲಿ ಕಾಣುತ್ತದೆ.

ಗುಡಿಯ ಪ್ರವೇಶ ಇದೇ ಮಾತನ್ನು ಊರಿನ ಅಳತೆಗೆ ಹಿಗ್ಗಿಸುತ್ತದೆ. ಜಗನ್ನಾಥ ದಲಿತರೊಡನೆ ಗುಡಿಗೆ ಹೋಗುವ ಹೊತ್ತಿಗೆ ಗರ್ಭಗುಡಿಯಲ್ಲಿ ಲಿಂಗವೇ ಇಲ್ಲ. ಅರ್ಚಕರ ಮಗ ಗಣೇಶ, ತೊದಲು ಮಾತಿನ ಹುಡುಗ, ಅದನ್ನು ಕಿತ್ತು ಹೊಳೆಗೆ ಹಾಕಿದ್ದಾನೆ. ಮನೆಯೊಳಗೇ ಉಸಿರುಕಟ್ಟಿ ಬೆಳೆದ ಅವನಿಗೆ ಆ ಕಲ್ಲಿನ ಮೇಲೆ ತನ್ನದೇ ಲೆಕ್ಕ ತೀರಿಸಬೇಕಾದದ್ದಿತ್ತು. ಇತಿಹಾಸ ನಿರ್ಮಿಸಲು ಬಂದವರು ಬರಿದಾದ ಕೋಣೆಯೊಳಗೆ ಕಾಲಿಡುತ್ತಾರೆ. ದೇವರು ಮುನಿದು ಹೊರಟುಹೋದ ಎಂದು ಹೇಳಿಕೊಳ್ಳಲು ಊರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಪುರಾಣವನ್ನು ಮುರಿಯಲು ಬಂದ ಘಟನೆ ಪುರಾಣದ ಇನ್ನೊಂದು ಅಧ್ಯಾಯವಾಗುವ ದಾರಿ ತೆರೆದುಕೊಳ್ಳುತ್ತದೆ.

ಇದು ಕಾದಂಬರಿಕಾರರ ಜಾಣತನದ ತಿರುವೆಂದು ಭಾವಿಸುವವರು ನಮ್ಮದೇ ನಾಡಿನ ಇತಿಹಾಸವನ್ನು ನೆನೆಯಬೇಕು. ತೇನಿ ಜಿಲ್ಲೆ 1996ರಲ್ಲಿ ಬೇರೆಯಾಗುವವರೆಗೆ ನಾವೆಲ್ಲ ಮದುರೆ ಜಿಲ್ಲೆಯವರೇ. ಆ ಮದುರೆಯ ಮೀನಾಕ್ಷಿ ದೇವಾಲಯವನ್ನು 1939ರ ಜುಲೈ 8ರಂದು ಎ. ವೈದ್ಯನಾಥ ಅಯ್ಯರ್ ಅವರ ಮುಂದಾಳುತನದಲ್ಲಿ ದಲಿತರೂ ಒಬ್ಬ ನಾಡಾರರೂ ಪ್ರವೇಶಿಸಿದರು. ಮುಂದೆ ಮದ್ರಾಸ್ ರಾಜ್ಯದ ಮಂತ್ರಿಯಾದ ಕಕ್ಕನ್ ಅವರು ಆ ಗುಂಪಿನಲ್ಲಿದ್ದರು. ಆಗ ಸನಾತನಿಗಳು ಹಬ್ಬಿಸಿದ ಮಾತು ಏನು? ದೇವಿ ಗುಡಿಯನ್ನು ಬಿಟ್ಟು ಹೋದಳು ಎಂಬುದೇ. ಭಾರತೀಪುರದ ಬರಿದಾದ ಗರ್ಭಗುಡಿಗೆ ಮೂರು ದಶಕಗಳ ಮೊದಲೇ ಮದುರೆಯಲ್ಲಿ ಇಂಥ ಮಾತು ಹುಟ್ಟಿತ್ತು.

ಆದರೆ ಎರಡರ ವ್ಯತ್ಯಾಸ ಸಾದೃಶ್ಯಕ್ಕಿಂತ ಮುಖ್ಯ. ಮದುರೆಯಲ್ಲಿ ಒಳಹೊಕ್ಕವರಿಗೆ ಹೆಸರುಗಳಿವೆ. ಅವರು ತಾವು ಏನು ಮಾಡುತ್ತಿದ್ದೇವೆಂದು ಬಲ್ಲವರು, ಹೊರಗೆ ಅವರದೇ ಆದ ಸಾರ್ವಜನಿಕ ಬದುಕಿತ್ತು. ವೈದ್ಯನಾಥ ಅಯ್ಯರ್ ಅವರೂ ಬಹುಕಾಲ ಹರಿಜನ ಸೇವೆಯಲ್ಲಿ ತೊಡಗಿದ್ದವರು. ಬೆನ್ನಹಿಂದೆ ರಾಜಾಜಿಯವರ ಸರ್ಕಾರವಿತ್ತು. ಕಾನೂನಿನ ರಕ್ಷಣೆಯೂ ಹಿಂಬಾಲಿಸಿ ಬಂತು. ದೇವಿ ಬಿಟ್ಟುಹೋದಳೆಂಬ ಮಾತು ಕಾಲಕ್ರಮದಲ್ಲಿ ಸೋತಿತು. ಇಂದು ಆ ಗುಡಿಯ ಬಾಗಿಲಲ್ಲಿ ಯಾರೂ ಅದನ್ನು ಆಡುವುದಿಲ್ಲ. ಜಗನ್ನಾಥನಿಗೆ ಸಂಘಟನೆಯಿಲ್ಲ, ಜೊತೆಗಾರರಿಲ್ಲ, ಸಹನೆಯಿಲ್ಲ. ಅವನಿಗೆ ಇರುವುದು ಮನೆತನ ಒಂದೇ. ‘ಭಾರತೀಪುರ’ವನ್ನು ಸುಧಾರಣೆಯ ವ್ಯರ್ಥತೆಯ ಕಥೆಯೆಂದು ಓದಿ, ಬದಲಾವಣೆಗೆ ಹೊರಟವರ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. ಆ ಓದನ್ನು ನಾವು ಒಪ್ಪುವುದಿಲ್ಲ. ಒಬ್ಬಂಟಿ ಒಡೆಯನೊಬ್ಬ ದಾನವಾಗಿ ಕೊಡಹೋದ ಬಿಡುಗಡೆ ಕೆಟ್ಟಿತು ಎಂದಷ್ಟೇ ಅದು ಹೇಳುತ್ತದೆ.

ಈಗ ನಮಗೆ ಹೆಚ್ಚು ಸಂಬಂಧಿಸಿದ ಸಂಕೇತಕ್ಕೆ ಬರೋಣ. ಮಂಜುನಾಥನಿಗಿಂತ ಹಳೆಯವನಾದ ಭೂತರಾಯ ಈ ಕಾದಂಬರಿಯಲ್ಲಿ ಮಂಜುನಾಥನ ಬಂಟ. ಮಂಜುನಾಥ ಶಾಂತ, ವೈದಿಕರಿಂದ ಪೂಜೆಗೊಳ್ಳುವವನು. ತಪ್ಪಿದವರನ್ನು ರಕ್ತ ಕಾರಿಸಿ ಕೊಲ್ಲುವ ಕೆಲಸ ಭೂತರಾಯನದು. ದೇವರ ದಯೆ ಮೇಲಿನವರ ಪಾಲಿಗೆ, ದೇವರ ಕೋಪ ನಡೆಸಿಕೊಡುವ ದುಡಿಮೆ ಶೂದ್ರದೈವದ ಪಾಲಿಗೆ. ವಿಮರ್ಶಕರು ಸಾಲಿಗ್ರಾಮದ ಬಗ್ಗೆ ಬರೆದಷ್ಟು ಭೂತರಾಯನ ಬಗ್ಗೆ ಬರೆದುದನ್ನು ನಾವು ಕಂಡಿಲ್ಲ. ಕಂಬಂ ಕಣಿವೆಯ ಒಕ್ಕಲುಮಕ್ಕಳು ಈ ಕಾದಂಬರಿಯಲ್ಲಿ ತಾವು ಎಲ್ಲಿದ್ದೇವೆಂದು ಹುಡುಕಿದರೆ ಸಿಗುವುದು ಇಲ್ಲಿಯೇ. ನಾವು ಜಗನ್ನಾಥನ ಮನೆಯವರಲ್ಲ, ಪಿಳ್ಳನ ಕೇರಿಯವರೂ ಅಲ್ಲ. ನಡುವೆ ನಿಂತು ನೋಡುವ ಜನ, ಮತ್ತು ಬೇಕಾದಾಗ ಮೇಲಿನವರ ಕಟ್ಟಳೆಯನ್ನು ಕೆಳಗಿನವರ ಮೇಲೆ ನಡೆಸಿಕೊಟ್ಟ ಜನ. ನಮ್ಮ ಸುತ್ತಿನ ಊರುಗಳಲ್ಲಿ ಗುಡಿಯ ಬಾಗಿಲು, ತೇರಿನ ಹಗ್ಗ, ಟೀ ಅಂಗಡಿಯ ಲೋಟ ಇವುಗಳ ಪ್ರಶ್ನೆ ಎಲ್ಲೆಡೆಯೂ ಮುಗಿದ ಕಥೆಯಾಗಿಲ್ಲ. ಅಲ್ಲೆಲ್ಲ ತಡೆದು ನಿಲ್ಲಿಸುವವರು ಜಗನ್ನಾಥನಂಥ ದೊಡ್ಡಮನೆಯವರಲ್ಲ. ಸಮ್ಮೇಳನದ ಸಂಚಿಕೆಯಲ್ಲಿ ಇಂಥ ಮಾತು ಬೇಡವೆಂದು ಕೆಲವರು ಹೇಳಬಹುದು. ಈ ಕಾದಂಬರಿಯನ್ನು ಓದಿದ ಮೇಲೆ ಹೇಳದಿರುವುದು ನಮಗೆ ಸಾಧ್ಯವಾಗಲಿಲ್ಲ.

ಕೃತಿಯ ಕೊರತೆಯೂ ಇಲ್ಲಿಗೇ ಸಮೀಪದಲ್ಲಿದೆ. ಪಿಳ್ಳ ಮತ್ತು ಅವನ ಜೊತೆಯವರು ಹೊರಗಿನಿಂದ ಮಾತ್ರ ಕಾಣುತ್ತಾರೆ. ಸಾಲಿಗ್ರಾಮ ಮುಟ್ಟಿ ಓಡಿದ ಆ ರಾತ್ರಿ ಕೇರಿಯಲ್ಲಿ ಅವರು ಏನು ಮಾತಾಡಿಕೊಂಡರು? ಅವರ ತಾಯಂದಿರು ಏನೆಂದರು? ಜಗನ್ನಾಥನ ಮನಸ್ಸಿನ ಪ್ರತಿಯೊಂದು ಮಡಿಕೆಯನ್ನೂ ಬಿಡಿಸಿ ತೋರಿಸುವ ಕಾದಂಬರಿ ಇದಕ್ಕೆ ಬಾಯಿ ಬಿಡುವುದಿಲ್ಲ. ಜಗನ್ನಾಥನ ಕುರುಡನ್ನು ಚಿತ್ರಿಸಬೇಕಾದರೆ ಹೀಗೆಯೇ ಆಗಬೇಕೆಂದು ಸಮರ್ಥಿಸಬಹುದು, ಅರ್ಧ ಒಪ್ಪುತ್ತೇವೆ. ಉಳಿದರ್ಧಕ್ಕೆ ಉತ್ತರ 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಬಂತು. ಅಲ್ಲಿಯೂ ಒಂದು ಉಳ್ಳವರ ಮನೆಯಿದೆ. ಆ ಮನೆಯ ಮಗಳನ್ನು ಪ್ರೀತಿಸಿದ ದಲಿತ ತರುಣ ಚೆನ್ನ ಕೊಲೆಯಾಗುತ್ತಾನೆ. ಆದರೆ ಕಥೆಯನ್ನು ಆಡುವ ದನಿ ಅಂಗಳದ ಆಚೆಯಿಂದ ಬರುತ್ತದೆ, ನಂಜನಗೂಡಿನ ಸೀಮೆಯ ಮಾತಿನಲ್ಲಿ. ಅಲ್ಲಿ ದೀಪಗಳ ಜೋತಮ್ಮಗಳು ರಾತ್ರಿ ಒಟ್ಟಿಗೆ ಕುಳಿತು ಮನೆಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಅನಂತಮೂರ್ತಿಯವರ ಕಲ್ಲು ಮೂಕವಾಗಿದೆ, ಮಹಾದೇವರ ದೀಪಕ್ಕೆ ಬಾಯಿದೆ. ಕನ್ನಡ ಕಾದಂಬರಿ ಹನ್ನೊಂದು ವರ್ಷಗಳಲ್ಲಿ ನಡೆದ ದೂರವನ್ನು ಇದರಿಂದ ಅಳೆಯಬಹುದು.

ಚಿಕ್ಕಿಯ ವಿಷಯ ಹೇಳದೆ ಮುಗಿಸಲಾಗದು. ಅವಳು ಮಡಿ ಮೈಲಿಗೆ ಬಿಟ್ಟವಳಲ್ಲ. ಜಗನ್ನಾಥನ ಲೆಕ್ಕದಲ್ಲಿ ಹಳೆಯ ಲೋಕದವಳು. ಆದರೆ ಸಾಲಿಗ್ರಾಮದ ಪ್ರಕರಣದಲ್ಲಿ ಓದುಗನ ಕಣ್ಣು ಮತ್ತೆ ಮತ್ತೆ ಅವಳ ಕಡೆಗೆ ಹೋಗುತ್ತದೆ. ಅವಳಿಗೆ ಆ ಕಲ್ಲು ಸಿದ್ಧಾಂತವಲ್ಲ, ಬದುಕಿನುದ್ದಕ್ಕೂ ಬೆಳಗಾದರೆ ಕೈಮುಗಿದ ದೇವರು. ಮಗನಂತೆ ಸಾಕಿದವನು ಅದನ್ನು ಅಂಗಳಕ್ಕೆ ಒಯ್ಯುತ್ತಿದ್ದಾನೆ. ಅವಳ ನಂಬಿಕೆಯೊಳಗೆ ಅನ್ಯಾಯವಿದೆ, ಅವಳ ದುಃಖದೊಳಗೆ ಸುಳ್ಳಿಲ್ಲ. ದೊಡ್ಡಮನೆಯ ಅವನತಿ ಎಂದಾಗ ನಾವು ಗಂಡಸರ ಜಮೀನನ್ನೂ ಜಂಭವನ್ನೂ ಎಣಿಸುತ್ತೇವೆ. ಒಡೆತನವಿಲ್ಲದೆ ಆ ಮನೆಯಲ್ಲಿ ಬಾಳಿದ ಹೆಂಗಸರಿಗೆ ಅದು ಬೀಳುವಾಗ ಏನಾಗುತ್ತದೆ? ಸುಬ್ಬಮ್ಮ ಹೆಗ್ಗಡಿತಿಗೆ ಕುವೆಂಪು ಇಡೀ ಕಾದಂಬರಿಯ ಹೆಸರನ್ನೇ ಕೊಟ್ಟರು. ಚಿಕ್ಕಿಗೆ ಅಷ್ಟು ಜಾಗ ಸಿಕ್ಕಿಲ್ಲ. ಸಿಕ್ಕಷ್ಟರಲ್ಲಿ ಅವಳು ನಾಯಕನಿಗಿಂತ ಜೀವಂತವಾಗಿದ್ದಾಳೆ.

ಪೂಜ್ಯವಸ್ತುವೊಂದು ಒಂದು ಮನೆಯ ಸ್ವತ್ತಾಗದೆ ಉಳಿಯುವುದು ಹೇಗೆ ಎಂಬುದಕ್ಕೆ ನಮ್ಮ ನಡುವೆಯೇ ಒಂದು ಉದಾಹರಣೆಯಿದೆ. ಕಂಬಂ ಊರಿನಲ್ಲಿ ನಮ್ಮ ಒಕ್ಕಲಿಗ ಸಮುದಾಯ ಸಾಕಿಕೊಂಡು ಬಂದಿರುವ ತಂಬಿರಾನ್ ಮಾಡುಗಳ ಹಿಂಡನ್ನು ಎಲ್ಲರೂ ಬಲ್ಲರು. 1906ರ ಮದುರೆ ಜಿಲ್ಲಾ ಗ್ಯಾಸೆಟಿಯರು ಅದನ್ನು ವರ್ಣಿಸಿದೆ. ಹಿಂಡಿನ ಪಟ್ಟದ ಗೂಳಿ ಸತ್ತರೆ ಅದರ ಕರುವಿಗೆ ಪಟ್ಟ ಕಟ್ಟುವುದಿಲ್ಲ. ಹಿಂಡಿನ ಮುಂದೆ ಕಬ್ಬಿನ ಹೊರೆ ಇಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ್ದಕ್ಕೆ ಪಟ್ಟ. ಅಲ್ಲಿಯೂ ಕಟ್ಟಳೆಗಳಿವೆ, ಹಕ್ಕುಗಳಿವೆ. ಅದನ್ನು ಆದರ್ಶವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಆ ಪಟ್ಟ ತಂದೆಯಿಂದ ಮಗನಿಗೆ ಇಳಿಯುವುದಿಲ್ಲ, ಆದ್ದರಿಂದ ಅದನ್ನು ಎಸೆದುಬಿಡಬೇಕಾದ ಜಗನ್ನಾಥನೂ ಅಲ್ಲಿ ಹುಟ್ಟುವುದಿಲ್ಲ.

ನಮ್ಮ ಸಂಘದ ಮನೆಗಳಲ್ಲಿ ಕನ್ನಡ ಆಡುವವರು ಬಹಳ, ಕನ್ನಡ ಅಕ್ಷರ ಓದುವವರು ಕಡಿಮೆ. ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಸುಶೀಲಾ ಪುನೀತಾ ಅವರ ಅನುವಾದ (2011) ಇದೆ. ಹಿರಿಯರಿಗೆ ಯಾರಾದರೂ ಓದಿ ಹೇಳಬೇಕು. ಇಡೀ ಕಾದಂಬರಿಯನ್ನು ಒಮ್ಮೆಗೇ ಓದಿಸಿದರೆ ಜಗನ್ನಾಥನ ಆತ್ಮಶೋಧನೆಯ ಪುಟಗಳಲ್ಲಿ ಕೇಳುಗರು ತೂಕಡಿಸುವುದು ಖಂಡಿತ. ಸಾಲಿಗ್ರಾಮದ ಪ್ರಕರಣದಿಂದ ಆರಂಭಿಸಬಹುದು. ಮಲೆನಾಡಿನ ಕನ್ನಡ ನಮ್ಮ ಮನೆಮಾತಿಗಿಂತ ಬೇರೆ. ಆದರೂ ಆ ಭಾಗದಲ್ಲಿ ಅರ್ಥವಾಗದೆ ಉಳಿಯುವ ಮಾತು ಕಡಿಮೆ. ಹನುಮಂತನಪಟ್ಟಿಯ ಈ ಸಮ್ಮೇಳನದ ಓದುಕೂಟದಲ್ಲಿ ಅದನ್ನು ಓದುವುದಾದರೆ, ತರುಣರು ಓಡಿಹೋಗುವಲ್ಲಿಗೆ ನಿಲ್ಲಿಸಿ, ಆ ರಾತ್ರಿ ಕೇರಿಯಲ್ಲಿ ಏನು ಮಾತು ನಡೆದಿರಬಹುದೆಂದು ಕೇಳುಗರನ್ನು ಕೇಳಿನೋಡಬೇಕು.